ಫೋಟೋದಲ್ಲಿರುವ ವಸ್ತುವಿಗೆ ಔಟ್‌ಲೈನ್: ಫೋಟೋಶಾಪ್, ಗಿಂಪ್, ಇಂಕ್‌ಸ್ಕೇಪ್, ಯಾವ ಕೆಲಸಕ್ಕೆ ಯಾವುದು?

ನಾನು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲಿ ಡಿಸೈನ್ ಕೆಲಸ ಮಾಡುತ್ತೇನೆ. ಜಾತ್ರೆಯ ಬ್ಯಾನರ್, ಯಕ್ಷಗಾನದ ಪೋಸ್ಟರ್, ಶಾಲಾ ವಾರ್ಷಿಕೋತ್ಸವದ ಸ್ಮರಣಿಕೆ, ಬೈಕಿಗೆ ಅಂಟಿಸುವ ಸ್ಟಿಕ್ಕರ್, ಹೀಗೆ. ಎಲ್ಲದರಲ್ಲೂ ಒಂದು ಕೆಲಸ ಇದ್ದೇ ಇರುತ್ತದೆ. ಫೋಟೋದಲ್ಲಿರುವ ವೇಷವನ್ನೋ ವ್ಯಕ್ತಿಯನ್ನೋ ಕತ್ತರಿಸಿ ತೆಗೆದು, ಅದರ ಸುತ್ತ ಒಂದು ಗೆರೆ ಕೊಡುವುದು.

ಮೊನ್ನೆ ಪಕ್ಕದ ಮನೆಯ ಹುಡುಗಿ ಬಂದು ಕೇಳಿದಳು. "ಅಣ್ಣಾ, ಔಟ್‌ಲೈನ್ ಮಾಡ್ಲಿಕ್ಕೆ ಯಾವ ಸಾಫ್ಟ್‌ವೇರ್ ಒಳ್ಳೆದು? ಫೋಟೋಶಾಪೇ ಬೇಕಾ?" ನಾನು ಕೇಳಿದೆ, "ಎಂತಕ್ಕೆ ಅದು ನಿಂಗೆ?" ಕಾಲೇಜಿನ ವೇದಿಕೆಗೆ ಥರ್ಮೋಕೋಲಿನಲ್ಲಿ ದೊಡ್ಡ ಕಿರೀಟ ಕೊರೆಯಬೇಕಂತೆ. ಅದಕ್ಕೆ ಫೋಟೋಶಾಪ್ ಬೇಡವೇ ಬೇಡ. ಅವಳು ಬೈಕ್ ಸ್ಟಿಕ್ಕರ್ ಅಂದಿದ್ದರೆ ನನ್ನ ಉತ್ತರ ಬೇರೆ, ವಾಟ್ಸಾಪ್ ಸ್ಟಿಕ್ಕರ್ ಅಂದಿದ್ದರೆ ಇನ್ನೊಂದು ಬೇರೆ.

ಹಾಗಾಗಿ ಸಾಫ್ಟ್‌ವೇರ್ ಹೆಸರಿಗೆ ಮೊದಲು ಇಷ್ಟು ಕೇಳಿಕೊಳ್ಳಿ: ಈ ಗೆರೆಯನ್ನು ಯಾರು ನೋಡುತ್ತಾರೆ? ಕಣ್ಣು ನೋಡುತ್ತದಾ, ಕಟಿಂಗ್ ಮೆಷಿನ್ ನೋಡುತ್ತದಾ, ಅಥವಾ ಗೆರೆಯ ಮೇಲೆ ಕೈಯಲ್ಲಿ ಕತ್ತಿ, ಕುಂಚ ಆಡಿಸುವವರು ನೋಡುತ್ತಾರಾ?

ಕಣ್ಣಿಗೆ ಕಾಣುವ ಗೆರೆ ಅಂದರೆ ಪೋಸ್ಟರಿನಲ್ಲಿ ಭಾಗವತರ ಫೋಟೋದ ಸುತ್ತ ಇರುವ ಬಿಳಿ ಅಂಚು. ಅದು ಪಿಕ್ಸೆಲ್‌ಗಳಲ್ಲಿ, ಅಂದರೆ ಫೋಟೋದ ಸಣ್ಣ ಸಣ್ಣ ಬಣ್ಣದ ಚುಕ್ಕೆಗಳಲ್ಲಿ ಇದ್ದರೆ ಸಾಕು. ಮೆಷಿನ್‌ಗೆ ಪಿಕ್ಸೆಲ್ ಅರ್ಥವಾಗುವುದಿಲ್ಲ. ಸ್ಟಿಕ್ಕರ್ ಕತ್ತರಿಸುವ ಪ್ಲಾಟರ್‌ಗೂ ಲೇಸರ್ ಕಟರ್‌ಗೂ ಬೇಕಾದ್ದು ವೆಕ್ಟರ್ ಪಾತ್, ಅಂದರೆ ಇಲ್ಲಿಂದ ಇಲ್ಲಿಗೆ ಹೀಗೆ ಬಾಗಿ ಹೋಗು ಎಂದು ಹೇಳುವ ಗೆರೆ. ಕೈಗೆ ಬೇಕಾದದ್ದು ಮೂರನೆಯ ಬಗೆ. ಹೊರಗಿನ ಆಕಾರದ ಜೊತೆ ಒಳಗಿನ ಮುಖ್ಯ ಗೆರೆಗಳೂ ಇರುವ ರೇಖಾಚಿತ್ರ. ರಂಗೋಲಿಗೆ, ಎಂಬ್ರಾಯ್ಡರಿಗೆ, ಮಕ್ಕಳು ಬಣ್ಣ ತುಂಬುವ ಹಾಳೆಗೆ ಇದೇ ಬೇಕು.

ಈ ಮೂರನ್ನು ಬೇರೆ ಮಾಡದೆ ಕೆಲಸಕ್ಕೆ ಇಳಿದರೆ ಎಂತಾಗುತ್ತದೆ ಅಂತ ನನಗೆ ಗೊತ್ತು. ಶುರುವಿನ ದಿನಗಳಲ್ಲಿ ಒಂದು ಸನ್ಮಾನಕ್ಕೆ ಪ್ಲೈವುಡ್ ಸ್ಮರಣಿಕೆ ಮಾಡಿಸಿದ್ದೆ. ವೇಷದ ಸುತ್ತ ಚೆಂದದ ಬಿಳಿ ಅಂಚು ಕೊಟ್ಟು, ಜೆಪಿಜಿ ಮಾಡಿ, ಲೇಸರ್ ಕಟಿಂಗ್ ಮಾಡುವ ಅಂಗಡಿಗೆ ಕಳಿಸಿದೆ. ಅವರು ಆ ಜೆಪಿಜಿಯನ್ನೇ ಆಟೋ ಟ್ರೇಸ್ ಮಾಡಿ, ಅಂದರೆ ಪಿಕ್ಸೆಲ್ ನೋಡಿ ಸಾಫ್ಟ್‌ವೇರೇ ಪಾತ್ ಎಳೆಯುವ ಹಾಗೆ ಮಾಡಿ, ಕತ್ತರಿಸಿದರು. ಕೈಗೆ ಬಂದ ಸ್ಮರಣಿಕೆಯ ಅಂಚು ಗರಗಸದ ಹಲ್ಲಿನ ಹಾಗಿತ್ತು. ಸನ್ಮಾನ ಮರುದಿನ ಸಂಜೆ. ರಾತ್ರಿ ಕೂತು ಮರಳು ಕಾಗದದಲ್ಲಿ ಉಜ್ಜಿ ಉಜ್ಜಿ ಸರಿ ಮಾಡಿದೆ. ಬಹಳ ಬೇಸರವಾಗಿತ್ತು, ಯಾಕೆಂದರೆ ಸನ್ಮಾನ ಆಗುವವರು ನಾನು ಚಿಕ್ಕಂದಿನಿಂದ ನೋಡಿ ಗೌರವಿಸಿದ ಕಲಾವಿದರು.

ಪೋಸ್ಟರಿಗೆ: ಫೋಟೋಶಾಪ್, ಗಿಂಪ್, ಫೋಟೋಪೀ

ಬಿಳಿ ಅಂಚು ಕೊಡುವುದೊಂದೇ ಕೆಲಸವಾದರೆ ಫೋಟೋಶಾಪ್‌ನಷ್ಟು ಸುಲಭ ಬೇರೆ ಇಲ್ಲ, ಇದನ್ನು ಒಪ್ಪಲೇಬೇಕು. ಬ್ಯಾಕ್‌ಗ್ರೌಂಡ್ ತೆಗೆದ ಲೇಯರ್ (ಚಿತ್ರದ ಪದರ) ಮೇಲೆ ಎರಡು ಸಲ ಕ್ಲಿಕ್ ಮಾಡಿ, ಲೇಯರ್ ಸ್ಟೈಲ್‌ನಲ್ಲಿ ಸ್ಟ್ರೋಕ್, ಅಂದರೆ ಅಂಚಿನ ಗೆರೆ, ಆರಿಸಿ, ದಪ್ಪ ಮತ್ತು ಬಣ್ಣ ಕೊಡಿ, ಆಯ್ತು. ನಾಳೆ ಯಾರಾದರೂ ಬಿಳಿ ಬೇಡ, ಹಳದಿ ಮಾಡಿ ಅಂದರೆ ಒಂದು ಕ್ಲಿಕ್ ಸಾಕು. ಪೊಸಿಶನ್ ಮಾತ್ರ ನೋಡಿಕೊಳ್ಳಿ. ಇನ್‌ಸೈಡ್ ಇಟ್ಟರೆ ಗೆರೆ ವಸ್ತುವಿನ ಒಳಗೆ ಬಂದು ಬೆರಳ ತುದಿ, ಕಿವಿಯ ಅಂಚು ಎಲ್ಲ ತಿಂದುಹಾಕುತ್ತದೆ. ಔಟ್‌ಸೈಡ್ ಇಟ್ಟರೆ ವಸ್ತು ಪೂರ್ತಿ ಉಳಿಯುತ್ತದೆ, ಆದರೆ ಚೂಪಾದ ಮೂಲೆಗಳಲ್ಲಿ ಗೆರೆ ದುಂಡಗಾಗುತ್ತದೆ. ಮುಖಕ್ಕೆ ಅದು ಚೆಂದ. ಕಿರೀಟದ ತುದಿಗೆ, ಕತ್ತಿಯ ಮೊನೆಗೆ ಚೆಂದವಲ್ಲ.

ಗಿಂಪ್ ಉಚಿತ. ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ಲಿನಕ್ಸ್‌ನಲ್ಲೂ ಸಿಗುತ್ತದೆ. ಕೇರಳದ ಶಾಲೆಗಳಲ್ಲಿ ಕಲಿತ ಮಕ್ಕಳಿಗೆ ಐಟಿ ಕ್ಲಾಸಿನಿಂದಲೇ ಅದರ ಪರಿಚಯ ಇರುತ್ತದೆ, ಹಾಗಾಗಿ ಕಾಸರಗೋಡಿನ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವುದು ಇದನ್ನೇ. ಇಲ್ಲಿ ಔಟ್‌ಲೈನ್‌ಗೆ ಎರಡು ದಾರಿ. ಹಳೆಯ, ಖಂಡಿತ ಕೆಲಸ ಮಾಡುವ ದಾರಿ ಹೀಗೆ: ಲೇಯರ್ ಮೆನುವಿನ ಟ್ರಾನ್ಸ್‌ಪರೆನ್ಸಿಯಲ್ಲಿ ಆಲ್ಫಾ ಟು ಸೆಲೆಕ್ಷನ್ ಒತ್ತಿ, ಸೆಲೆಕ್ಟ್ ಮೆನುವಿನಲ್ಲಿ ಗ್ರೋ ಒತ್ತಿ ಬೇಕಾದಷ್ಟು ಪಿಕ್ಸೆಲ್ ಹಿಗ್ಗಿಸಿ, ಕೆಳಗೆ ಹೊಸ ಲೇಯರ್ ಮಾಡಿ ಬಣ್ಣ ತುಂಬಿ. ಗೆರೆ ಬೇರೆ ಲೇಯರ್‌ನಲ್ಲಿ ಇರುವುದರಿಂದ ಅದನ್ನು ಸ್ವಲ್ಪ ಸರಿಸಬಹುದು, ಬ್ರಷ್‌ನಲ್ಲಿ ತಿದ್ದಬಹುದು, ಮೂಲ ಫೋಟೋಗೆ ಏನೂ ಆಗುವುದಿಲ್ಲ.

ಎರಡನೆಯದು ಡ್ರಾಪ್ ಶ್ಯಾಡೋ. ಹೆಸರು ನೆರಳಿನದ್ದು, ಆದರೆ ಎಕ್ಸ್, ವೈ ಎರಡನ್ನೂ ಸೊನ್ನೆ ಮಾಡಿ, ಬ್ಲರ್ ಸೊನ್ನೆ ಮಾಡಿ, ಬಣ್ಣ ಬಿಳಿ ಮಾಡಿ, ಒಪಾಸಿಟಿ 1 ಮಾಡಿ, ಗ್ರೋ ರೇಡಿಯಸ್ ಜಾಸ್ತಿ ಮಾಡಿದರೆ ಅದು ನೆರಳಾಗದೆ ಅಂಚಾಗುತ್ತದೆ. ಗ್ರೋ ಶೇಪ್‌ನಲ್ಲಿ ವೃತ್ತ, ಚೌಕ, ವಜ್ರ ಎಂದು ಮೂರು ಆಕಾರ ಇವೆ. ಚೌಕ ಹಾಕಿ ನೋಡಿ, ಮೂಲೆಗಳು ಬೇರೆಯೇ ಥರ ಬರುತ್ತವೆ. 2025ರಲ್ಲಿ ಬಂದ ಗಿಂಪ್ 3.0ರಲ್ಲಿ ಫಿಲ್ಟರ್ ಹಾಕಿದ ಮೇಲೂ ಬದಲಾಯಿಸಬಹುದು. ಅದಕ್ಕೆ ಮೊದಲು ಹಾಗಿರಲಿಲ್ಲ, ಒಮ್ಮೆ ಹಾಕಿದರೆ ಹಾಕಿದ್ದೇ. ಹಳೆಯ ಆವೃತ್ತಿ ಇಟ್ಟುಕೊಂಡವರು ಹೊಸದು ಹಾಕಿಕೊಳ್ಳಿ, ಇದೊಂದೇ ಕಾರಣಕ್ಕಾದರೂ ಸರಿ.

ಫೋಟೋಪೀ ಬ್ರೌಸರಿನಲ್ಲೇ ಓಡುತ್ತದೆ, ಏನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ನೋಡಲಿಕ್ಕೆ ಹೆಚ್ಚುಕಡಿಮೆ ಫೋಟೋಶಾಪ್ ಹಾಗೆಯೇ, ಸ್ಟ್ರೋಕ್ ಕೊಡುವ ಕ್ರಮವೂ ಅದೇ, ಫೋಟೋಶಾಪ್‌ನ ಪಿಎಸ್‌ಡಿ ಫೈಲ್ ತೆರೆಯುತ್ತದೆ. ಜಾಹೀರಾತು ಕಾಣುತ್ತದೆ, ಅಷ್ಟೇ. ಫೋಟೋ ಅವರ ಸರ್ವರಿಗೆ ಹೋಗುವುದಿಲ್ಲ, ಕೆಲಸ ಎಲ್ಲ ನಿಮ್ಮ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಮದುವೆ ಫೋಟೋ, ಮಕ್ಕಳ ಫೋಟೋ ಇದ್ದಾಗ ಇದು ಸಣ್ಣ ವಿಷಯ ಅಲ್ಲ. ತಿಂಗಳಿಗೆ ಒಂದೆರಡು ಪೋಸ್ಟರ್ ಮಾಡುವವರಿಗೆ ಇದು ಧಾರಾಳ ಸಾಕು. ದಿನವಿಡೀ ಇದೇ ಕೆಲಸ ಮಾಡುವವರು ಫೋಟೋಶಾಪ್‌ಗೆ ದುಡ್ಡು ಕೊಡಬಹುದು.

ಫೋನಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ವಾಟ್ಸಾಪ್ ಸ್ಟಿಕ್ಕರ್‌ಗೆ ಫೋನೇ ಸಾಕು. ಐಫೋನಿನಲ್ಲಿ ಐಒಎಸ್ 17ರಿಂದ ಫೋಟೋ ಒತ್ತಿ ಹಿಡಿದು ಸ್ಟಿಕ್ಕರ್ ಮಾಡಿ ಔಟ್‌ಲೈನ್ ಕೊಡಬಹುದು, ಆಂಡ್ರಾಯ್ಡ್‌ನಲ್ಲಿ ಪಿಕ್ಸ್‌ಆರ್ಟ್ ಥರದ ಆ್ಯಪ್‌ಗಳಿವೆ. ಸ್ಟಿಕ್ಕರ್ ಪ್ಯಾಕನ್ನೇ ಮಾಡುವವರಿಗೆ ಒಂದು ಮಾತು: ಅಳತೆ 512 ಗುಣಿಸು 512 ಪಿಕ್ಸೆಲ್ ಇರಬೇಕು, ಅಂಚಿಗೆ 8 ಪಿಕ್ಸೆಲ್ ದಪ್ಪದ ಬಿಳಿ ಗೆರೆ ಕೊಡಿ ಎಂದು ವಾಟ್ಸಾಪ್‌ನವರೇ ಹೇಳುತ್ತಾರೆ. ಕಪ್ಪು ಚಾಟ್ ಹಿನ್ನೆಲೆಯಲ್ಲೂ ಸ್ಟಿಕ್ಕರ್ ಎದ್ದು ಕಾಣಲಿಕ್ಕೆ ಅದು.

ಗೆರೆ ಎಷ್ಟು ದಪ್ಪ?

ಇದನ್ನು ಯಾರೂ ಹೇಳಿಕೊಡುವುದಿಲ್ಲ, ಆದರೆ ಹೆಚ್ಚಿನ ಪೋಸ್ಟರ್ ಕೆಡುವುದು ಇಲ್ಲೇ. 12 ಪಿಕ್ಸೆಲ್ ಅಂದರೆ ಎಷ್ಟು ದಪ್ಪ? ಉತ್ತರ ಫೈಲಿನ ಡಿಪಿಐ ಮೇಲಿದೆ, ಅಂದರೆ ಒಂದು ಇಂಚಿನಲ್ಲಿ ಎಷ್ಟು ಪಿಕ್ಸೆಲ್ ಕೂರುತ್ತವೆ ಅನ್ನುವುದರ ಮೇಲೆ. 300 ಡಿಪಿಐಯಲ್ಲಿ 12 ಪಿಕ್ಸೆಲ್ ಅಂದರೆ ಸುಮಾರು 1 ಮಿಲಿಮೀಟರ್. ಕೈಯಲ್ಲಿ ಹಿಡಿದು ಓದುವ ಆಮಂತ್ರಣ ಪತ್ರಿಕೆಗೆ ಅದು ಒಳ್ಳೆಯ ದಪ್ಪ. 10 ಅಡಿ ಬ್ಯಾನರನ್ನು 72 ಡಿಪಿಐಯಲ್ಲಿ ಮಾಡಿದರೆ ಉದ್ದ 8,640 ಪಿಕ್ಸೆಲ್ ಆಗುತ್ತದೆ, ಅಲ್ಲಿ ಅದೇ 12 ಪಿಕ್ಸೆಲ್ ಗೆರೆ ಸುಮಾರು 4 ಮಿಲಿಮೀಟರ್. ರಸ್ತೆಯ ಆಚೆ ಬದಿಯಿಂದ ನೋಡುವವರಿಗೆ ಅದು ಕಾಣುವುದೇ ಇಲ್ಲ. ಅರ್ಧ ಇಂಚಾದರೂ ಬೇಕು, ಅಂದರೆ 36 ಪಿಕ್ಸೆಲ್.

ಕೇರಳದಲ್ಲಿ 2019ರಲ್ಲಿ ಪಿವಿಸಿ ಫ್ಲೆಕ್ಸ್ ನಿಷೇಧವಾದ ಮೇಲೆ ನಮ್ಮಲ್ಲಿ ಬಟ್ಟೆ ಬ್ಯಾನರ್ ಬಂತು, ಬಾಯಲ್ಲಿ ಫ್ಲೆಕ್ಸ್ ಅಂತಲೇ ಹೇಳುತ್ತೇವೆ. ಬಟ್ಟೆಯಲ್ಲಿ ಶಾಯಿ ಸ್ವಲ್ಪ ಹರಡುತ್ತದೆ. ಕಡು ಬಣ್ಣದ ಹಿನ್ನೆಲೆ ಇದ್ದರೆ ಸಪೂರ ಬಿಳಿ ಗೆರೆಯನ್ನು ಆ ಬಣ್ಣ ಎರಡೂ ಬದಿಯಿಂದ ನುಂಗುತ್ತದೆ. ಹಾಗಾಗಿ ಬಟ್ಟೆಗೆ ಹಾಕುವ ಗೆರೆಯನ್ನು ನಾನು ಯಾವಾಗಲೂ ಇನ್ನೂ ಸ್ವಲ್ಪ ದಪ್ಪವೇ ಇಡುತ್ತೇನೆ.

ಔಟ್‌ಲೈನ್‌ನ ಜೀವ ಸೆಲೆಕ್ಷನ್‌ನಲ್ಲಿದೆ

ಯಾವ ಸಾಫ್ಟ್‌ವೇರ್ ಆದರೂ ಗೆರೆ ಹೋಗುವುದು ನೀವು ಕತ್ತರಿಸಿದ ಅಂಚಿನ ಮೇಲೆಯೇ. ಕತ್ತರಿಸಿದ್ದು ಸೊಟ್ಟ ಇದ್ದರೆ ಗೆರೆ ಆ ಸೊಟ್ಟವನ್ನು ಇನ್ನೂ ಎತ್ತಿ ತೋರಿಸುತ್ತದೆ. ಔಟ್‌ಲೈನ್ ಇಲ್ಲದಿದ್ದರೆ ಯಾರ ಕಣ್ಣಿಗೂ ಬೀಳದ ತಪ್ಪು ಔಟ್‌ಲೈನ್ ಕೊಟ್ಟ ಕೂಡಲೇ ಬೀಳುತ್ತದೆ.

ಫೋಟೋದಲ್ಲಿರುವ ವಸ್ತುವನ್ನು ತಾನೇ ಗುರುತಿಸಿ ಆರಿಸುವ ಫೋಟೋಶಾಪ್‌ನ ಸೆಲೆಕ್ಟ್ ಸಬ್ಜೆಕ್ಟ್ 2018ರಿಂದ ಇದೆ, ವರ್ಷ ವರ್ಷ ಚುರುಕಾಗುತ್ತಿದೆ. ಹಗಲು ಹೊತ್ತು ತೆಗೆದ ಮನುಷ್ಯರ ಫೋಟೋಗೆ ಕಣ್ಣುಮುಚ್ಚಿ ನಂಬಬಹುದು. ಆದರೆ ನಮ್ಮ ಕಡೆಯ ಫೋಟೋ ಎಂಥದ್ದು? ಯಕ್ಷಗಾನ ಬಯಲಾಟದ್ದು. ರಾತ್ರಿ ಎರಡು ಗಂಟೆಗೆ ರಂಗಸ್ಥಳದ ಎದುರು ನೆಲದಲ್ಲಿ ಕೂತು ತೆಗೆದದ್ದು. ಹಿಂದೆ ಪೂರ್ತಿ ಕತ್ತಲು. ಬಣ್ಣದ ವೇಷದ, ಅಂದರೆ ರಕ್ಕಸರಂಥ ಪಾತ್ರದ, ಕಪ್ಪು ಕೂದಲು ಎಲ್ಲಿ ಮುಗಿಯುತ್ತದೆ, ಕತ್ತಲು ಎಲ್ಲಿ ಶುರುವಾಗುತ್ತದೆ, ನಮಗೇ ತಿಳಿಯುವುದಿಲ್ಲ, ಇನ್ನು ಸಾಫ್ಟ್‌ವೇರ್‌ಗೆ ಹೇಗೆ ತಿಳಿಯಬೇಕು? ಅದು ಕಿರೀಟದ ಮೇಲ್ಭಾಗ ಹಾರಿಸಿಬಿಡುತ್ತದೆ, ಹಿಂದಿನ ಚೆಂಡೆಯವರ ಕೈಯನ್ನು ವೇಷಕ್ಕೆ ಸೇರಿಸಿಬಿಡುತ್ತದೆ.

ಇನ್ನು ಚುಟ್ಟಿ. ತೆಂಕುತಿಟ್ಟಿನ, ಅಂದರೆ ನಮ್ಮ ತೆಂಕು ಕಡೆಯ ಯಕ್ಷಗಾನದ, ಬಣ್ಣದ ವೇಷದ ಮುಖದಲ್ಲಿ ಅಕ್ಕಿಹಿಟ್ಟು, ಸುಣ್ಣದ ಹದದಿಂದ ಇಟ್ಟ ಸಣ್ಣ ಸಣ್ಣ ಬಿಳಿ ಮುಳ್ಳುಗಳು ನಿಮಗೆ ಗೊತ್ತಲ್ವಾ. ಒಂದೊಂದನ್ನೂ ಗಂಟೆಗಟ್ಟಲೆ ಕೂತು ಇಟ್ಟದ್ದು. ಆಟೋ ಸೆಲೆಕ್ಷನ್ ಅದನ್ನು ನಯ ಮಾಡಿ ಒಂದು ದುಂಡು ಗೆರೆ ಮಾಡಿಬಿಡುತ್ತದೆ. ಕಲಾವಿದರು ಅದನ್ನು ನೋಡಿದರೆ ಎಷ್ಟು ನೋಯುತ್ತಾರೆ ಅಂತ ಯೋಚಿಸಿ. ಅಲ್ಲಿ ಬಿಂದು ಇಟ್ಟು ಅವುಗಳ ನಡುವೆ ನಾವೇ ಗೆರೆ ಬಗ್ಗಿಸುವ ಪೆನ್ ಟೂಲ್ ಬಿಟ್ಟರೆ ದಾರಿ ಇಲ್ಲ.

ಪೆನ್ ಟೂಲ್ ಎಲ್ಲದರಲ್ಲೂ ಇದೆ. ಫೋಟೋಶಾಪ್, ಫೋಟೋಪೀಯಲ್ಲಿ ಪೆನ್, ಗಿಂಪ್‌ನಲ್ಲಿ ಪಾತ್ಸ್, ಇಂಕ್‌ಸ್ಕೇಪ್‌ನಲ್ಲಿ ಬೆಜಿಯೆ. ಪಿಯರ್ ಬೆಜಿಯೆ ಎಂಬ ಫ್ರೆಂಚ್ ಎಂಜಿನಿಯರ್ 1960ರ ದಶಕದಲ್ಲಿ ರೆನೋ ಕಂಪನಿಯಲ್ಲಿ ಕಾರಿನ ಬಾಡಿಯ ಬಾಗು ಬಿಡಿಸಲು ಬಳಸಿದ ಲೆಕ್ಕವೇ ಇದು. ಕಾರಿನ ಬಾನೆಟ್ಟಿಗೆ ಆದದ್ದು ಯಕ್ಷಗಾನದ ತಲೆಯುಡುಗೆಯಾದ ಕೇದಗೆ ಮುಂದಲೆಗೂ ಆಗುತ್ತದೆ. ಕಲಿಯುವವರು ಮಾಡುವ ತಪ್ಪು ಒಂದೇ: ಹೆಜ್ಜೆ ಹೆಜ್ಜೆಗೂ ಬಿಂದು ಇಡುವುದು. ಬಿಂದು ಜಾಸ್ತಿಯಾದಷ್ಟು ಗೆರೆ ನಡುಗುತ್ತದೆ. ಭುಜದಿಂದ ಮೊಣಕೈವರೆಗೆ ಎರಡು ಬಿಂದು ಸಾಕು, ಉಳಿದದ್ದನ್ನು ಹಿಡಿಕೆ ಎಳೆದು ಬಗ್ಗಿಸಿ. ಬಿಂದುವನ್ನು ಬಾಗು ತಿರುಗುವಲ್ಲಿ ಇಡಿ. ಚಿತ್ರವನ್ನು 200 ಶೇಕಡಾಕ್ಕೆ ಹಿಗ್ಗಿಸಿಕೊಂಡು, ಅಂಚಿನ ಸರೀ ಮೇಲೆ ಹೋಗದೆ ಒಂದೆರಡು ಪಿಕ್ಸೆಲ್ ಒಳಗಿನಿಂದ ಹೋಗಿ. ಇಲ್ಲದಿದ್ದರೆ ಹಿನ್ನೆಲೆಯ ಕಪ್ಪು ಒಂದು ಎಳೆಯಾಗಿ ಉಳಿದು, ವೇಷಕ್ಕೂ ಬಿಳಿ ಅಂಚಿಗೂ ನಡುವೆ ಮಸಿ ಬಳಿದ ಹಾಗೆ ಕಾಣುತ್ತದೆ. ಈಗಾಗಲೇ ಆ ಎಳೆ ಉಳಿದಿದ್ದರೆ ಫೋಟೋಶಾಪ್‌ನಲ್ಲಿ ಲೇಯರ್ ಮೆನುವಿನ ಮ್ಯಾಟಿಂಗ್‌ನಲ್ಲಿ ಡಿಫ್ರಿಂಜ್ ಇದೆ. ಗಿಂಪ್‌ನಲ್ಲಿ ಸೆಲೆಕ್ಷನ್ ಅನ್ನು ಒಂದು ಪಿಕ್ಸೆಲ್ ಶ್ರಿಂಕ್ ಮಾಡಿ, ಇನ್ವರ್ಟ್ ಮಾಡಿ, ಹೊರಗಿನದನ್ನು ಅಳಿಸಿಬಿಡಿ.

ನಾನು ಎರಡನ್ನೂ ಸೇರಿಸಿ ಮಾಡುತ್ತೇನೆ. ಬಟ್ಟೆ, ಕಾಲು, ಕೈ ಆಟೋದಲ್ಲಿ. ಮುಖ, ಕಿರೀಟ, ಬೆರಳ ಮುದ್ರೆ ಪೆನ್ನಿನಲ್ಲಿ.

ಕತ್ತರಿಸುವ ಮೆಷಿನ್‌ಗೆ: ಇಂಕ್‌ಸ್ಕೇಪ್, ಕೋರಲ್

ಇಲ್ಲಿ ಫೋಟೋಶಾಪ್ ಹಿಂದೆ ಬೀಳುತ್ತದೆ. ಅದರಲ್ಲಿ ಸೆಲೆಕ್ಷನ್‌ನಿಂದ ವರ್ಕ್ ಪಾತ್ ಮಾಡಬಹುದು, ಆದರೆ ಬಂದ ಪಾತ್ ಒರಟು, ತಿದ್ದಲು ಕಷ್ಟ. ಪ್ರಿಂಟಿಂಗ್ ಅಂಗಡಿಗಳಲ್ಲಿ ಕೋರಲ್‌ಡ್ರಾ ನಡೆಯುತ್ತದೆ, ಸಿಡಿಆರ್ ಫೈಲ್ ಉಂಟಾ ಅಂತ ಕೇಳುತ್ತಾರೆ. ಚಿತ್ರದಿಂದ ಪಾತ್ ತೆಗೆಯುವ ಕೋರಲ್‌ನ ಪವರ್‌ಟ್ರೇಸ್ ಒಳ್ಳೆಯದು, ಕಾಂಟೂರ್ ಟೂಲ್ ಅಂತೂ ಬಹಳ ಒಳ್ಳೆಯದು. ಸ್ಟಿಕ್ಕರ್‌ನ ಸುತ್ತ 2 ಮಿಲಿಮೀಟರ್ ಬಿಟ್ಟು ಕಟಿಂಗ್ ಗೆರೆ ಬೇಕು ಅಂದರೆ ಅಳತೆ ಟೈಪ್ ಮಾಡಿದರೆ ಮುಗಿಯಿತು. ಆದರೆ ಅದಕ್ಕೆ ದುಡ್ಡು ಕೊಡಬೇಕು. ಇಂಕ್‌ಸ್ಕೇಪ್ ಉಚಿತ, ಮತ್ತು ನನ್ನ ಅನುಭವದಲ್ಲಿ ಔಟ್‌ಲೈನ್ ಒಂದಕ್ಕೆ ಅದು ಕೋರಲ್‌ಗೆ ಏನೂ ಕಡಿಮೆ ಇಲ್ಲ. ಎಸ್‌ವಿಜಿ ಅಥವಾ ಪಿಡಿಎಫ್ ಮಾಡಿ ಕೊಟ್ಟರೆ ಅಂಗಡಿಯವರು ಕೋರಲ್‌ನಲ್ಲಿ ತೆರೆದುಕೊಳ್ಳುತ್ತಾರೆ.

ಇಂಕ್‌ಸ್ಕೇಪ್‌ನಲ್ಲಿ ಪಿಕ್ಸೆಲ್ ಚಿತ್ರವನ್ನು ಪಾತ್ ಮಾಡುವ ಟ್ರೇಸ್ ಬಿಟ್‌ಮ್ಯಾಪ್ ತೆರೆದರೆ ಎಡ್ಜ್ ಡಿಟೆಕ್ಷನ್ ಅಂತ ಕಾಣುತ್ತದೆ. ಔಟ್‌ಲೈನ್‌ಗೆ ಇದೇ ಇರಬೇಕು ಅಂತ ಎಲ್ಲರೂ ಅದನ್ನೇ ಒತ್ತುತ್ತಾರೆ. ಒತ್ತಬೇಡಿ. ಅದು ಪ್ರತಿ ಅಂಚನ್ನೂ ಒಂದು ಪಟ್ಟಿಯಾಗಿ ತೆಗೆದುಕೊಂಡು ಪಟ್ಟಿಯ ಎರಡೂ ಬದಿಗೆ ಗೆರೆ ಎಳೆಯುತ್ತದೆ. ಮೆಷಿನ್ ಒಂದೇ ಕಡೆ ಎರಡು ಸಲ ಕತ್ತರಿಸುತ್ತದೆ, ಸ್ಟಿಕ್ಕರ್‌ನ ವಿನೈಲ್ ಹಾಳೆ ಎದ್ದು ಬರುತ್ತದೆ.

ನಾನು ಮಾಡುವ ಕ್ರಮ ಇದು. ಗಿಂಪ್‌ನಲ್ಲಿ ವೇಷವನ್ನು ಕತ್ತರಿಸಿ, ಪೂರ್ತಿ ಕಪ್ಪು ತುಂಬಿ, ಬಿಳಿ ಹಿನ್ನೆಲೆಯಲ್ಲಿ ಬರೇ ನೆರಳಿನ ಹಾಗೆ ಮಾಡುತ್ತೇನೆ. ಕೈಗೂ ಸೊಂಟಕ್ಕೂ ನಡುವಿನ ಖಾಲಿ ಜಾಗ ಖಾಲಿಯೇ ಇದೆಯಾ ಅಂತ ಇಲ್ಲೇ ನೋಡಬೇಕು. ಅದನ್ನು ಪಿಎನ್‌ಜಿ ಮಾಡಿ ಇಂಕ್‌ಸ್ಕೇಪ್‌ಗೆ ತಂದು, ಟ್ರೇಸ್ ಬಿಟ್‌ಮ್ಯಾಪ್‌ನಲ್ಲಿ ಬ್ರೈಟ್‌ನೆಸ್ ಕಟಾಫ್ ಒತ್ತುತ್ತೇನೆ. ಕಪ್ಪು, ಬಿಳಿ ಬಿಟ್ಟು ಬೇರೆ ಏನೂ ಇಲ್ಲದಿರುವುದರಿಂದ ಸುತ್ತಲೂ ಒಂದೇ ಒಂದು ಗೆರೆ ಬರುತ್ತದೆ. ಫಿಲ್ (ಒಳಗಿನ ಬಣ್ಣ) ತೆಗೆದು ಸ್ಟ್ರೋಕ್ ಕೊಟ್ಟರೆ ಔಟ್‌ಲೈನ್. ಆಮೇಲೆ ಕಂಟ್ರೋಲ್ ಎಲ್ ಒಮ್ಮೆ ಒತ್ತಿದರೆ ಸಿಂಪ್ಲಿಫೈ ಆಗಿ ಬಿಂದುಗಳು ಕಡಿಮೆಯಾಗುತ್ತವೆ, ಕತ್ತಿ ಜರ್ಕ್ ಹೊಡೆಯದೆ ಓಡುತ್ತದೆ. ಎರಡು ಮೂರು ಸಲ ಒತ್ತಿದರೆ ಮೂಗೇ ಮಾಯವಾಗಬಹುದು, ಜಾಗ್ರತೆ. ಕಿರೀಟದ ತುದಿ ಚೂಪಾಗಿಯೇ ಇರಬೇಕು ಅಂತಾದರೆ ಸ್ಟ್ರೋಕ್ ಸ್ಟೈಲ್‌ನಲ್ಲಿ ಜಾಯಿನ್ ಅನ್ನು ಮೈಟರ್‌ಗೆ ಹಾಕಿ. ಫೋಟೋಶಾಪ್‌ನ ಔಟ್‌ಸೈಡ್ ಸ್ಟ್ರೋಕ್‌ನಲ್ಲಿ ಸಿಗದ ಚೂಪು ಇಲ್ಲಿ ಸಿಗುತ್ತದೆ.

ಈಗಾಗಲೇ ಪೆನ್ಸಿಲ್‌ನಲ್ಲಿ ಬರೆದ ಚಿತ್ರ ಇದ್ದರೆ ಮಾತ್ರ ಬೇರೆ ಮಾತು. ಅದಕ್ಕೆ ಅದೇ ಕಿಟಕಿಯಲ್ಲಿ ಸೆಂಟರ್‌ಲೈನ್ ಟ್ರೇಸಿಂಗ್ ಇದೆ, ಗೆರೆಯ ನಡುವಿನಿಂದ ಒಂದೇ ಪಾತ್ ತೆಗೆಯುತ್ತದೆ.

ಅಕ್ಷರಕ್ಕೆ ಔಟ್‌ಲೈನ್ ಕೊಡುವವರಿಗೂ ಒಂದು ಮಾತು, ಯಾಕೆಂದರೆ ನಮ್ಮಲ್ಲಿ ಕನ್ನಡ, ಮಲಯಾಳ ಎರಡೂ ಒಂದೇ ಬ್ಯಾನರಿನಲ್ಲಿ ಬರುತ್ತವೆ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಅಕ್ಷರ ತುಂಡು ತುಂಡಾಗಿ ಜೋಡಣೆಯಾಗಿರುತ್ತದೆ. ಕೋರಲ್, ಇಂಕ್‌ಸ್ಕೇಪ್‌ನಲ್ಲಿ ಅದಕ್ಕೆ ನೇರ ಸ್ಟ್ರೋಕ್ ಕೊಟ್ಟರೆ ಕೊಂಬು, ದೀರ್ಘ ಅಕ್ಷರಕ್ಕೆ ತಾಗುವಲ್ಲಿ ಒಳಗೆ ಗೆರೆ ಕಾಣುತ್ತದೆ. ಮೊದಲು ಅಕ್ಷರವನ್ನು ಕರ್ವ್, ಅಂದರೆ ಪಾತ್ ಮಾಡಿ, ತುಂಡುಗಳು ಒಂದಾಗಲು ಕೋರಲ್‌ನಲ್ಲಿ ವೆಲ್ಡ್, ಇಂಕ್‌ಸ್ಕೇಪ್‌ನಲ್ಲಿ ಯೂನಿಯನ್ ಮಾಡಿ, ಆಮೇಲೆ ಔಟ್‌ಲೈನ್ ಕೊಡಿ. ಫೋಟೋಶಾಪ್‌ನ ಲೇಯರ್ ಸ್ಟೈಲ್‌ನಲ್ಲಿ ಈ ತೊಂದರೆ ಇಲ್ಲ, ಅದು ಇಡೀ ಲೇಯರ್‌ನ ಹೊರ ಅಂಚನ್ನು ಮಾತ್ರ ನೋಡುತ್ತದೆ. ಒತ್ತಕ್ಷರ ಇರುವಲ್ಲಿ ದಪ್ಪ ಗೆರೆ ಕೊಡಬೇಡಿ. ಸಂದು ಮುಚ್ಚಿ ಲಕ್ಷ್ಮೀ ಅನ್ನುವ ಹೆಸರೇ ಓದಲಾಗದ ಹಾಗೆ ಆಗುತ್ತದೆ.

ಕೈಯಲ್ಲಿ ಕೊರೆಯುವವರಿಗೆ, ಬಿಡಿಸುವವರಿಗೆ

ಫೋಟೋಶಾಪ್‌ನ ಫೈಂಡ್ ಎಡ್ಜಸ್, ಗಿಂಪ್‌ನ ಡಿಫರೆನ್ಸ್ ಆಫ್ ಗೌಸಿಯನ್ಸ್, ಇವು ಫೋಟೋವನ್ನು ರೇಖಾಚಿತ್ರದ ಹಾಗೆ ಮಾಡುತ್ತವೆ. ಬೇಕಲ ಕೋಟೆಯ ಬುರುಜು, ಒಂದು ಹಲಸಿನ ಹಣ್ಣು, ಒಂದು ದೋಣಿ, ಇಂಥದ್ದಕ್ಕೆ ಚೆನ್ನಾಗಿ ಬರುತ್ತವೆ. ಎರಡರಲ್ಲಿ ನನಗೆ ಗಿಂಪ್‌ನದ್ದೇ ಇಷ್ಟ, ಯಾಕೆಂದರೆ ಅದರಲ್ಲಿ ಎರಡು ರೇಡಿಯಸ್ ಕೊಟ್ಟು ಗೆರೆಯ ದಪ್ಪ ನಾವೇ ನಿಲ್ಲಿಸಬಹುದು. ಆಮೇಲೆ ಥ್ರೆಶೋಲ್ಡ್ ಹಾಕಿದರೆ ಬೂದು ಹೋಗಿ ಅಚ್ಚ ಕಪ್ಪು ಗೆರೆ ಉಳಿಯುತ್ತದೆ.

ಯಕ್ಷಗಾನದ ವೇಷಕ್ಕೆ ಇದು ಆಗುವುದಿಲ್ಲ. ಕನ್ನಡಿ ಚೂರು, ಮಣಿ, ಬೇಗಡೆ, ಎಲ್ಲವೂ ಮಿನುಗುತ್ತವೆ, ಮಿನುಗಿದ್ದೆಲ್ಲ ಸಾಫ್ಟ್‌ವೇರ್‌ಗೆ ಅಂಚು. ಹಾಳೆ ತುಂಬ ಇರುವೆ ಹರಿದ ಹಾಗೆ ಕಾಣುತ್ತದೆ. ಅಂಥದ್ದಕ್ಕೆ ಫೋಟೋವನ್ನು 40 ಶೇಕಡಾದಷ್ಟು ಮಸುಕು ಮಾಡಿ, ಮೇಲೆ ಹೊಸ ಲೇಯರ್ ಹಾಕಿ, ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವ ಕ್ರಿಟಾದಲ್ಲೋ ಫೋನಿನ ಐಬಿಸ್ ಪೇಂಟ್‌ನಲ್ಲೋ ಕೈಯಿಂದಲೇ ಎಳೆಯಿರಿ. ಯಾವ ಗೆರೆ ಬೇಕು, ಯಾವುದು ಬೇಡ ಅಂತ ವೇಷ ನೋಡಿ ಬೆಳೆದ ಕಣ್ಣಿಗೆ ಗೊತ್ತಿರುತ್ತದೆ.

ಪಕ್ಕದ ಮನೆಯ ಹುಡುಗಿಗೆ ನಾನು ಹೇಳಿದ್ದು ಇದನ್ನೇ. ಅವಳು ಗಿಂಪ್‌ನಲ್ಲಿ ಪಾತ್ ಎಳೆದು ಹೊರಗಿನ ಆಕಾರ ಮಾಡಿದಳು, ಒಳಗಿನ ಏಳೆಂಟು ಗೆರೆ ಕೈಯಲ್ಲಿ ಎಳೆದಳು, ಇಂಕ್‌ಸ್ಕೇಪ್‌ನಲ್ಲಿ ನಾಲ್ಕು ಅಡಿಗೆ ದೊಡ್ಡದು ಮಾಡಿ ಎ4 ಹಾಳೆಗಳಲ್ಲಿ ಪ್ರಿಂಟ್ ತೆಗೆದು ಅಂಟಿಸಿದಳು. ವೆಕ್ಟರ್ ಆದದ್ದರಿಂದ ನಾಲ್ಕು ಅಡಿಯಾದರೂ ಗೆರೆ ಒಡೆಯಲಿಲ್ಲ. ಥರ್ಮೋಕೋಲ್ ಮೇಲೆ ಹಾಳೆ ಇಟ್ಟು ಗೆರೆ ಗೆರೆಗೆ ಸೂಜಿ ಚುಚ್ಚಿ ಗುರುತು ಮಾಡಿಕೊಂಡು ಕೊರೆದಳು.

ಕಳಿಸುವಾಗ ಒಂದು ಗಮನ ಇರಲಿ. ಪಿಎನ್‌ಜಿಯನ್ನು ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿ ಜೆಪಿಜಿ ಆಗುತ್ತದೆ, ಹಿಂದಿನ ಪಾರದರ್ಶಕ ಜಾಗ ತುಂಬಿಹೋಗುತ್ತದೆ, ಅಂಚು ಕೆಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಮತ್ತೆ ಪಾತ್ ಇರುವ ಮೂಲ ಫೈಲನ್ನು, ಅಂದರೆ ಗಿಂಪ್‌ನ ಎಕ್ಸ್‌ಸಿಎಫ್, ಫೋಟೋಶಾಪ್‌ನ ಪಿಎಸ್‌ಡಿ, ಇಂಕ್‌ಸ್ಕೇಪ್‌ನ ಎಸ್‌ವಿಜಿ ಯಾವುದೋ ಅದನ್ನು, ವೇಷದ ಹೆಸರು ಹಾಕಿ ತೆಗೆದಿಡಿ. ಯಕ್ಷಗಾನದ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕೆಲವು ತಿಂಗಳು ಯಾರೂ ಕೇಳುವುದಿಲ್ಲ. ದೀಪಾವಳಿ ಹತ್ತಿರ ಬಂದ ಹಾಗೆ ಫೋನ್ ಬರುತ್ತದೆ, ಕಳೆದ ವರ್ಷದ ಆ ಕಿರೀಟವೇ ಬೇಕು, ನಾಳೆ ಬೆಳಿಗ್ಗೆಗೆ ಬೇಕು ಅಂತ.